ನಮ್ಮ ಮುತ್ತಜ್ಜಿಯ ಲೆಕ್ಕ

(ಆಲೂರು ಸೀಮೆಯ ಒಂದು ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಬಂದು ನಾಲ್ಕು ಮಾತಾಡು ಅಂತ ನನ್ನನ್ನು ಕರೆದಿದ್ದೀರಿ. ನನಗೆ ಭಾಷಣ ಬರುವುದಿಲ್ಲ. ನಮ್ಮ ಮನೆಯ ಒಬ್ಬ ಮುದುಕಿಯ ಕತೆ ಹೇಳುತ್ತೇನೆ. ಅವಳು ನನ್ನ ಅಪ್ಪನ ಅಜ್ಜಿ. ನನಗೆ ಮುತ್ತಜ್ಜಿ. ಮನೆಯಲ್ಲಿ ನಾವು "ಅಜ್ಜಿ ಬಂತು, ಅಜ್ಜಿ ಹೇಳ್ತು" ಅಂತಲೇ ಅನ್ನುತ್ತಿದ್ದೆವು. ಪ್ರೀತಿಗೆ ಹಾಗೆ. ನೀವೂ ಹಾಗೇ ಅನ್ನುತ್ತೀರಲ್ಲ?

ಮುತ್ತಜ್ಜಿ ಹುಟ್ಟಿದ ವರ್ಷ ಯಾವ ಕಾಗದದಲ್ಲೂ ಇಲ್ಲ. ನಾವೇ ಲೆಕ್ಕ ಹಾಕಿ ಕಂಡುಹಿಡಿದೆವು. ಅವಳಿಗೆ ಇಸವಿ ಗೊತ್ತಿರಲಿಲ್ಲ. ಸಂವತ್ಸರದ ಹೆಸರು ಮಾತ್ರ ಗೊತ್ತಿತ್ತು. "ಕಾಳಯುಕ್ತಿಯಲ್ಲಿ ದೊಡ್ಡ ಜ್ವರ ಬಂತು. ನಮ್ಮವ್ವ ಹೋದ್ಲು. ಆಗ ನಾನು ಲಂಗ ಉಡೋ ಹುಡುಗಿ" ಅನ್ನುತ್ತಿದ್ದಳು. "ರಕ್ತಾಕ್ಷಿಯಲ್ಲಿ ಹೊಳೆ ಉಕ್ಕಿ ಬಂತು. ಆಗ ನನ್ನ ಮೊದಲನೇ ಮಗ ತೊಟ್ಟಿಲಲ್ಲಿದ್ದ" ಅನ್ನುತ್ತಿದ್ದಳು.

ನಾನು ಹಳೇ ಪಂಚಾಂಗ ಹಿಡಿದು ಎಣಿಸಿದೆ. ಕಾಳಯುಕ್ತಿ ಅಂದರೆ 1918. ಆ ವರ್ಷ ಇನ್‌ಫ್ಲುಯೆಂಜಾ ಜ್ವರ ಲೋಕವನ್ನೇ ಸುತ್ತಿತು. ನಮ್ಮ ದೇಶವೊಂದರಲ್ಲೇ ಕೋಟಿಗೂ ಹೆಚ್ಚು ಜನ ಸತ್ತರು. ರಕ್ತಾಕ್ಷಿ ಅಂದರೆ 1924. ಆ ವರ್ಷ ಜುಲೈ ತಿಂಗಳಲ್ಲಿ ಕಾವೇರಿಗೂ ಅವಳಿಗೆ ಸೇರುವ ಹೊಳೆಗಳಿಗೂ ಭಾರೀ ನೆರೆ ಬಂದಿತ್ತು. ಮುತ್ತಜ್ಜಿಯ ಎರಡು ಮಾತೂ ತಾಳೆ ಬಿತ್ತು. ಹಾಗಾದರೆ ಅವಳು ಹುಟ್ಟಿದ್ದು 1907ರ ಸುಮಾರಿಗೆ.

1911ರಲ್ಲಿ ಜನಗಣತಿ ಆಯಿತು. ಆಗ ಇಡೀ ದೇಶದಲ್ಲಿ ನೂರು ಹೆಂಗಸರಲ್ಲಿ ಓದು ಬರಹ ಬಲ್ಲವಳು ಒಬ್ಬಳೇ. ನಮ್ಮ ಮುತ್ತಜ್ಜಿಗೆ ಆಗ ನಾಲ್ಕು ವರ್ಷ. ಅವಳು ಆ ತೊಂಬತ್ತೊಂಬತ್ತರಲ್ಲಿ ಒಬ್ಬಳಾಗಿ ಬೆಳೆದಳು. 2011ರ ಜನಗಣತಿಯಲ್ಲಿ ನೂರಕ್ಕೆ ಅರವತ್ತೈದು ಆಗಿದೆ. ಉಳಿದ ಮೂವತ್ತೈದರಿಂದ ಎದ್ದು ಬಂದವರು ಇಲ್ಲಿ ಎಷ್ಟು ಜನ ಕೂತಿದ್ದೀರಿ ನೋಡಿ.

ಅವಳ ತವರು ಸಕಲೇಶಪುರದಾಚೆ, ಹೆತ್ತೂರು ಕಡೆಯ ಗುಡ್ಡ. ಅಲ್ಲಿ ಮಳೆ ಹಿಡಿದರೆ ಬಿಡುವುದೇ ಇಲ್ಲ. ಗೊರಬು ಹಾಕಿಕೊಂಡೇ ನಾಟಿ, ಗೊರಬು ಹಾಕಿಕೊಂಡೇ ಕಳೆ. ಕಾಲಿಗೆ ಇಂಬಳ ಹತ್ತಿದರೆ ಸುಣ್ಣ ಮುಟ್ಟಿಸುವುದು. ಏಲಕ್ಕಿ ಮಲೆಯಲ್ಲಿ ಕಾಯಿ ಬಿಡಿಸಿ ಅವಳ ಬೆರಳ ತುದಿ ಕಪ್ಪಾಗಿತ್ತಂತೆ. ಮದುವೆಯಾಗಿ ಎತ್ತಿನ ಗಾಡಿಯಲ್ಲಿ ಆಲೂರು ಕಡೆಗೆ ಬಂದಳು. ಗಂಡನ ಮನೆ ಹೇಮಾವತಿ ಹೊಳೆಯ ದಡದಲ್ಲಿತ್ತು. "ಅಲ್ಲಿ ಮಳೆ ನೋಡಿದವಳಿಗೆ ಇಲ್ಲಿಯದು ಮಳೆಯೇ ಅಲ್ಲ" ಅಂತ ನಗುತ್ತಿದ್ದಳು.

ಅವಳ ಕೈ ಅಡುಗೆ ಹೇಳಲೇಬೇಕು. ಬೆಳಿಗ್ಗೆ ಅಕ್ಕಿರೊಟ್ಟಿ. ಮಳೆಗಾಲದಲ್ಲಿ ಕಡುಬು, ಏಡಿ ಸಾರು. ಬಿದಿರಿನ ಕಳಲೆ ಬಂದರೆ ಹೆಚ್ಚಿ ನೀರಲ್ಲಿ ಹಾಕುವಳು. ದಿನಾ ನೀರು ಬದಲಾಯಿಸುವಳು. ಮೂರು ದಿನ ಆಗದೆ ಯಾರನ್ನೂ ಮುಟ್ಟಗೊಡಿಸುತ್ತಿರಲಿಲ್ಲ. "ಹಸೀ ಕಳಲೆಯಲ್ಲಿ ವಿಷ ಇರ್ತದೆ ಮಗಾ" ಅನ್ನುವಳು. ಅದು ನಿಜ. ಈಗ ಪುಸ್ತಕದಲ್ಲೂ ಹಾಗೇ ಬರೆದಿದ್ದಾರೆ. ಅವಳು ಯಾವ ಪುಸ್ತಕ ಓದಿದ್ದಳು?

ಮುತ್ತಜ್ಜ ಬೇಗ ತೀರಿಕೊಂಡರು. ಗದ್ದೆ ಇವಳ ಹೆಸರಿಗೆ ಬಂತು. ಆರು ಗದ್ದೆ. ಅಷ್ಟನ್ನೂ ತಲೆಯಲ್ಲೇ ಇಟ್ಟುಕೊಂಡಿದ್ದಳು. ನಮ್ಮ ಮಲೆನಾಡಲ್ಲಿ ಹಿಂದೆ ಗದ್ದೆಯನ್ನು ಬಿತ್ತನೆ ಲೆಕ್ಕದಲ್ಲಿ ಹೇಳುತ್ತಿದ್ದರು. ಎಷ್ಟು ಬೀಜ ಹಿಡಿಸುತ್ತದೋ ಅಷ್ಟು ಗದ್ದೆ. ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗ. ಮುತ್ತಜ್ಜಿಯದು ಎಲ್ಲ ಸೇರಿ ಎರಡು ಖಂಡುಗ ಐದು ಕೊಳಗ. ಯಾರಿಗೆ ಎಷ್ಟು ಭತ್ತ ಕೊಟ್ಟೆ, ಯಾರು ಎಷ್ಟು ಆಳು ಬಂದರು ಅಂತ ಅಡುಗೆಮನೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೆಯುತ್ತಿದ್ದಳು. ಅಡ್ಡಗೀಟು ಆಳಿಗೆ. ಉದ್ದಗೀಟು ಭತ್ತಕ್ಕೆ. ಒಂದು ಸಲವೂ ತಪ್ಪಿದ್ದಿಲ್ಲ ಅಂತ ಅಪ್ಪ ಹೇಳುತ್ತಾನೆ. ಊರಿನವರು ಜಗಳ ಬಂದಾಗ ಅವಳ ಗೋಡೆ ನೋಡಲು ಬರುತ್ತಿದ್ದರಂತೆ.

ಇಷ್ಟು ಲೆಕ್ಕ ಬಲ್ಲವಳಿಗೆ ಒಂದು ಕಾಗದ ಸೋಲಿಸಿತು. ಅದನ್ನು ಹೇಳಲಿಕ್ಕೇ ನಾನು ಬಂದದ್ದು.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದರು. 1979ರಲ್ಲಿ ಅದು ಮುಗಿಯಿತು. ಆ ನೀರಿನಿಂದ ಕೆಳಗಿನ ಸೀಮೆಯ ಎಷ್ಟೋ ಹೊಲ ಹಸಿರಾಯಿತು. ಅದನ್ನು ಇಲ್ಲ ಅನ್ನಬಾರದು. ಆದರೆ ಹಿಂದೆ ನಿಂತ ನೀರು ನಮ್ಮಂಥವರ ಊರು ಮುಳುಗಿಸಿತು. ಶೆಟ್ಟಿಹಳ್ಳಿಯ ಹಳೇ ಚರ್ಚನ್ನು ನೀವು ನೋಡಿರಬಹುದು. ಮಳೆಗಾಲದಲ್ಲಿ ನೀರಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಮೇಲೆ ಬರುತ್ತದೆ. ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ. ನಮ್ಮ ಮನೆಯೂ ಹಾಗೇ ಮುಳುಗಿತು. ಮಣ್ಣಿನ ಗೋಡೆ, ಕರಗಿಹೋಯಿತು. ಇದ್ದಿಲಿನ ಗೀಟೂ ಹೋಯಿತು.

ನೀರು ಬರುವುದಕ್ಕೆ ಮೊದಲೇ ಪರಿಹಾರದ ಕಾಗದ ಬಂದಿತ್ತು. ಯಾವ ಕಚೇರಿ, ಯಾರು ತಂದರು ಅಂತ ನಾನು ಹೇಳುವುದಿಲ್ಲ. ಅದರಲ್ಲಿ ಎಕರೆ, ಗುಂಟೆ ಅಂತ ಇತ್ತು. ಸರ್ವೆ ನಂಬರು ಇತ್ತು. ಮುತ್ತಜ್ಜಿಗೆ ಕೊಳಗ ಗೊತ್ತು, ಗುಂಟೆ ಗೊತ್ತಿಲ್ಲ. ಅವಳ ಮಗನಿಗೂ ಓದು ಇಲ್ಲ. ನಮ್ಮಪ್ಪ ಮೂರನೇ ಕ್ಲಾಸಿಗೇ ದನ ಕಾಯಲು ಹೋದವನು. ಬಸ್ಸಿನ ಬೋರ್ಡು ಓದುತ್ತಿದ್ದ. ಕಚೇರಿಯ ಕೈಬರಹ ಓದಲು ಬರುತ್ತಿರಲಿಲ್ಲ. "ಆರೂ ಗದ್ದೆ ಅದರಲ್ಲಿ ಬಂದಿದೆಯಾ ಸ್ವಾಮಿ?" ಅಂತ ಮುತ್ತಜ್ಜಿ ಕೇಳಿದಳಂತೆ. "ಎಲ್ಲಾ ಬಂದಿದೆ, ಒತ್ತಜ್ಜಿ" ಅಂದರಂತೆ. ಎಡಗೈ ಹೆಬ್ಬೆಟ್ಟು ಒತ್ತಿದಳು. ಹಣ ಬಂತು.

ಆ ಹಣದಲ್ಲಿ ಗುಡ್ಡದ ಮೇಲೆ ಸ್ವಲ್ಪ ಜಾಗ ತಗೊಂಡು ಮನೆ ಕಟ್ಟಿದೆವು. ಅದೇ ಹೊತ್ತಿಗೆ ನನ್ನ ಅಣ್ಣ ಏಳನೇ ಕ್ಲಾಸಿಗೆ ಬಂದ. ಒಂದು ಸಂಜೆ ಮುತ್ತಜ್ಜಿ ಪೆಟ್ಟಿಗೆಯಿಂದ ಆ ಕಾಗದದ ನಕಲು ತೆಗೆದು ಅವನ ಕೈಗೆ ಕೊಟ್ಟಳು. "ಓದು ಮಗಾ" ಅಂದಳು. ಅವನು ಓದಿದ. ಅವಳು ಒಂದೊಂದಕ್ಕೂ ಬೆರಳು ಮಡಚಿದಳು. ಐದು ಬೆರಳಿಗೆ ಕಾಗದ ಮುಗಿಯಿತು.

"ಹಲಸಿನಮರದ ಗದ್ದೆ ಎಲ್ಲೈತೆ? ಅದನ್ನು ಓದು" ಅಂದಳು.

ಅಣ್ಣ ತಿರುಗಿಸಿ ನೋಡಿದ. ಹಿಂದುಗಡೆ ಖಾಲಿ. ಎಂಟು ಕೊಳಗದ ಗದ್ದೆ, ಎಲ್ಲೂ ಇರಲಿಲ್ಲ.

ಅಳತೆಯಲ್ಲಿ ತಪ್ಪಿತೋ, ಬರೆಯುವಾಗ ಬಿಟ್ಟುಹೋಯಿತೋ, ಬೇಕಂತಲೇ ಬಿಟ್ಟರೋ, ನಮಗೆ ಇವತ್ತಿಗೂ ತಿಳಿಯದು. ಅಪ್ಪ ಓಡಾಡಿದ. "ಹಣ ತಗೊಂಡು ಆಗಿದೆಯಲ್ಲ" ಅಂದರು. ಆಗ ಇದ್ದದ್ದು 1894ರ ಕಾನೂನು. ಹಣ ತೆಗೆದುಕೊಳ್ಳುವಾಗಲೇ "ನನ್ನ ತಕರಾರು ಇದೆ, ತಕರಾರು ಉಳಿಸಿಕೊಂಡು ಹಣ ಪಡೆದಿದ್ದೇನೆ" ಅಂತ ಬರೆದುಕೊಡಬೇಕಿತ್ತು. ಗೊತ್ತಾದ ದಿನಗಳ ಒಳಗೆ ಅರ್ಜಿ ಹಾಕಿದ್ದರೆ ಕೋರ್ಟಿಗೆ ಹೋಗಬಹುದಿತ್ತು. ಒಂದು ಸಾಲು ಸಾಕಿತ್ತು. ಆ ಸಾಲು ಬರೆಯುವವರು ನಮ್ಮ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಈಗ ಆ ಕಾನೂನು ಇಲ್ಲ. 2013ರಲ್ಲಿ ಬೇರೆ ಕಾನೂನು ಆಗಿದೆ. ಪಹಣಿಯೂ 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂತು. ಅಚ್ಚಾದ ಅಕ್ಷರ, ಓದಲು ಸುಲಭ. ನಿಮ್ಮ ಮನೆಯ ಪಹಣಿ ನಾಳೆಯೇ ತೆಗೆದು ಹೆಸರು, ಸರ್ವೆ ನಂಬರು, ವಿಸ್ತೀರ್ಣ ಈ ಮೂರನ್ನು ನೀವೇ ಓದಿ ನೋಡಿ. ನಲವತ್ತು ಗುಂಟೆ ಅಂದರೆ ಒಂದು ಎಕರೆ. ಇದು ನೆನಪಿರಲಿ.

ಮುತ್ತಜ್ಜಿ ಅಳಲಿಲ್ಲ. ಬೈಯಲೂ ಇಲ್ಲ. ಆದರೆ ಆ ಹೆಬ್ಬೆಟ್ಟನ್ನು ಸೆರಗಿನಲ್ಲಿ ಒರೆಸಿಕೊಳ್ಳುವ ಅಭ್ಯಾಸ ಅವಳಿಗೆ ಬಂತು. ಸುಮ್ಮನೆ ಕೂತಾಗಲೂ ಒರೆಸುವಳು. ನಾನು ಸಣ್ಣವಳು. ಸುಣ್ಣ ಹತ್ತಿದೆ ಅಂದುಕೊಳ್ಳುತ್ತಿದ್ದೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ, 1989ರಲ್ಲಿ, ಅವಳಿಗೆ ಅಕ್ಷರ ಕಲಿಸಲು ಹೋದೆ. ಸ್ಲೇಟು ಕೊಟ್ಟೆ. "ಕುಡುಗೋಲು ಹಿಡಿದ ಕೈ ಇದು, ಬಳಪ ನಿಲ್ಲಲ್ಲ" ಅಂದಳು. ನಾಲ್ಕು ದಿನ ಒತ್ತಾಯ ಮಾಡಿದೆ. ಐದನೇ ದಿನ ಅವಳೇ ಹೇಳಿದಳು: "ನಾನು ಹೇಳ್ತೀನಿ. ನೀನು ಬರ್ಕೋ. ಮೊದಲು ಹಲಸಿನಮರದ ಗದ್ದೆ ಅಂತ ಬರಿ. ಯಾವ ಕಾಗದದಲ್ಲಾದರೂ ಸರಿ, ಅದು ಒಂದು ಕಡೆ ಇರಲಿ."

ಬರೆದೆ. ಓದಿ ಹೇಳು ಅಂದಳು. ಓದಿದೆ. ಇನ್ನೊಂದು ಸಲ ಓದಿಸಿದಳು.

ಆಮೇಲೆ ಉಳಿದವು ಹೇಳಿದಳು. ಹೊಳೆಗದ್ದೆ ಹನ್ನೆರಡು ಕೊಳಗ. ಕೊಕ್ಕರೆಗದ್ದೆ ಒಂಬತ್ತು. ಬಾಗಿಲುಗದ್ದೆ ಆರು. ಚೌಡಿಗದ್ದೆ ಐದು. ಸೊಸೆಗದ್ದೆ ಐದು. ಅವಳು ಮದುವೆಯಾಗಿ ಬಂದ ವರ್ಷ ಮಾವ ಕಡಿಸಿದ ಗದ್ದೆಯಂತೆ, ಅದಕ್ಕೆ ಆ ಹೆಸರು. ಅವಳ ಅವ್ವನ ಹೆಸರು ಹೇಳಿದಳು. ನಮ್ಮ ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಹೀಗೆ ಏಳು ಪುಟ ಆಯಿತು. ನಾನು ಸೋಮಾರಿ. ನಾಳೆ ಬರೆದರಾಯಿತು ಅಂತ ಬಿಟ್ಟೆ. 1991ರ ನಾಟಿ ಸಮಯದಲ್ಲಿ ಮುತ್ತಜ್ಜಿ ತೀರಿಕೊಂಡಳು. ಎಂಟನೇ ಪುಟದಲ್ಲಿ "ಕಳಲೆ ಉಪ್ಪಿನಕಾಯಿ" ಅಂತ ಮೇಲೆ ಬರೆದಿದ್ದೇನೆ. ಕೆಳಗೆ ಏನೂ ಇಲ್ಲ. ನಾನು ಎಷ್ಟೋ ಸಲ ಹಾಕಿ ನೋಡಿದೆ, ಅವಳ ರುಚಿ ಬರಲಿಲ್ಲ.

ಮೊನ್ನೆ ಬೇಸಿಗೆಯಲ್ಲಿ ನೀರು ಇಳಿದಾಗ ಅಪ್ಪನನ್ನೂ ನನ್ನ ಮಗಳನ್ನೂ ಕರಕೊಂಡು ಅಲ್ಲಿಗೆ ಹೋಗಿದ್ದೆ. ಮನೆಯ ತಳಪಾಯದ ಕಲ್ಲು ನಾಲ್ಕು ಕಂಡವು. ಅಪ್ಪನಿಗೆ ಈಗ ಕಣ್ಣು ಮಂಜು. ಆದರೂ ಕೋಲು ಚಾಚಿ ತೋರಿಸಿದ. ಮಗಳು ಪುಸ್ತಕ ಹಿಡಿದು ಒಂದೊಂದೇ ಹೆಸರು ಓದಿದಳು. ಅವಳು ಓದಿದ ಹಾಗೆ ಅಪ್ಪ ಕೋಲು ತಿರುಗಿಸುತ್ತ ಹೋದ. ಹಲಸಿನಮರದ ಗದ್ದೆಯಲ್ಲಿ ಒಣ ಕೆಸರು ಬಿರಿದಿತ್ತು. ಯಾರದೋ ಎರಡು ದನ ಮೇಯುತ್ತಿದ್ದವು. ಹೊಳೆಗದ್ದೆ ಕಾಣಲಿಲ್ಲ. ಅದು ಎಷ್ಟು ಬೇಸಿಗೆ ಬಂದರೂ ಮೇಲೆ ಬರುವುದಿಲ್ಲ ಅಂತ ಅಪ್ಪ ಹೇಳಿದ.