ಮೇಲಿನ ಲೇಔಟು, ಕೆಳಗಿನ ಕಾಲನಿ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕೆರೆ ನೀರು ಮುಟ್ಟಬೇಡಿ ಅಂದರು. 1927ರಲ್ಲಿ ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು. ಮುಟ್ಟಬೇಡಿ ಅಂದವರ ಮೊಮ್ಮಕ್ಕಳು ಈಗ ತಾವಾಗಿಯೇ ನಮ್ಮ ಅಂಗಳಕ್ಕೆ ನೀರು ಕಳಿಸ್ತಾ ಇದ್ದಾರೆ. ಯಾವ ನೀರು? ಲೇಔಟಿನ ಚರಂಡಿ ನೀರು.

1923ರಲ್ಲಿ, 1974ರಲ್ಲಿ ನೇತ್ರಾವತಿ ಬಂಟ್ವಾಳ ಪೇಟೆಗೆ ನುಗ್ಗಿದಳು. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಚಾರ್ಮಾಡಿ ಕಡೆ ಗುಡ್ಡ ಜರಿಯಿತು. ಅವು ಪೇಪರಿಗೆ ಬರುವ ನೆರೆ. ನಾವು ಹೇಳುವುದು ಪೇಪರಿಗೆ ಬಾರದ ನೆರೆಯ ಬಗ್ಗೆ.

ನಮ್ಮ ಕಡೆ ಭೂಮಿಗೆ ಬೆಟ್ಟು, ಮಜಲು, ಬೈಲು ಅಂತ ಮೂರು ಹೆಸರು. ಗುಡ್ಡದ ನೀರು ಮಜಲು ಗದ್ದೆಯಲ್ಲಿ ನಿಂತು, ಇಂಗಿ, ಉಳಿದದ್ದು ತೋಡು ಸೇರುತ್ತಿತ್ತು. ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಜೆಸಿಬಿ ಗುಡ್ಡ ಕಡಿದು, ಗದ್ದೆಗೆ ಮಣ್ಣು ತುಂಬಿ, ಐದೈದು ಸೆಂಟ್ಸಿನ ಸೈಟು ಮಾಡುತ್ತದೆ. ನಿನ್ನೆ ಸಮನಾಗಿದ್ದ ಕಾಲನಿ ಇವತ್ತು ಗುಂಡಿ. ನಾವು ಇಳಿದಿಲ್ಲ, ಪಕ್ಕದವರು ಏರಿದ್ದಾರೆ.

ಲೆಕ್ಕ ಹಾಕಿ. ಒಂದು ದಿನ 100 ಮಿಲಿಮೀಟರ್ ಮಳೆ ಬಿತ್ತು ಅನ್ನಿ, ಆಟಿಯಲ್ಲಿ ಅದೇನು ಅಪರೂಪವಲ್ಲ. ಒಂದು ಎಕರೆಯ ಮೇಲೆ 4 ಲಕ್ಷ ಲೀಟರ್ ನೀರು! ಹಿಂದೆ ಮಣ್ಣು ಅದರ ಪಾಲು ಕುಡಿಯುತ್ತಿತ್ತು. ಕಾಂಕ್ರೀಟು ಕುಡಿಯುವುದಿಲ್ಲ.

ಸೈಟಿನ ಇಳಿಜಾರು ಚರಂಡಿಗೆ, ಚರಂಡಿ ತೋಡಿಗೆ ಸೇರಬೇಕು, ಇದು ಸಾದಾ ನಿಯಮ. ಲೇಔಟಿನ ನಕ್ಷೆಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕೆಳಗೆ ಒಪ್ಪಿಗೆ ಬೇಕು. ಆದರೆ ನಾವು ಕಂಡ ಕಡೆಯೆಲ್ಲ ಚರಂಡಿ ಲೇಔಟಿನ ಗಡಿಯಲ್ಲಿ ಮುಗಿಯುತ್ತದೆ. ನೀರು ಮುಗಿಯುವುದಿಲ್ಲ. ಮೋರಿ ಕಟ್ಟಿಕೊಂಡರೆ ಮಾತ್ರ ಕರೆಯೋದು ನಮ್ಮವರನ್ನೇ.

ಕೇಳಲು ಹೋದರೆ 1882ರ ಈಸ್‌ಮೆಂಟ್ ಕಾಯ್ದೆ ತೋರಿಸ್ತಾರೆ, ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗಲೇ ಬಂದದ್ದು. ಮೇಲಿನ ಜಮೀನಿನ ಮಳೆನೀರು ಸಹಜವಾಗಿ ಹರಿದು ಬಂದರೆ ಕೆಳಗಿನವನು ತಡೆಯಬಾರದಂತೆ. ನೀರಿಗೆ ಇಳಿಜಾರು ಗೊತ್ತು, ಜಾತಿ ಗೊತ್ತಿಲ್ಲ. ಬೈಲಿನ ಅಂಚಿಗೆ ನಮ್ಮನ್ನು ತಳ್ಳಿದವರಿಗೆ ಎರಡೂ ಗೊತ್ತಿತ್ತು. ಇರಲಿ. 'ಸಹಜವಾಗಿ' ಎಂಬ ಮಾತನ್ನೇ ಗಟ್ಟಿಯಾಗಿ ಹಿಡಿಯಿರಿ. ಗುಡ್ಡ ಕಡಿದು, ಮಾಡಿನ ನೀರು ರಸ್ತೆ ನೀರು ಎಲ್ಲ ಒಟ್ಟುಮಾಡಿ, ಪೈಪಿನಲ್ಲಿ ನಮ್ಮ ಗೋಡೆಗೆ ಬಿಡುವುದು ಯಾವ ಸಹಜ?

ಆ ಕೊಳೆನೀರು ಬಾವಿಗೆ ಇಳಿದರೆ ಇನ್ನೊಂದು ಕಾಯ್ದೆ ಇದೆ. ಪರಿಶಿಷ್ಟರು ಬಳಸುವ ನೀರಿನ ಮೂಲವನ್ನು ಪರಿಶಿಷ್ಟರಲ್ಲದವರು ಕೆಡಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ನಮ್ಮಲ್ಲೇ ಇದನ್ನು ಓದಿದವರು ಕಡಿಮೆ.

ನಮ್ಮ ಅಪ್ಪಂದಿರು, ಅಣ್ಣಂದಿರು ಗಾರೆ ಕೆಲಸದವರು. ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡುವುದನ್ನು ಯಾವ ಇಂಜಿನಿಯರೂ ಅವರಿಗೆ ಕಲಿಸಬೇಕಾಗಿಲ್ಲ. ರಜೆಗೆ ಊರಿಗೆ ಹೋದಾಗ ಅವರ ಜೊತೆ ನಿಂತು ಲೇಔಟು ಎಷ್ಟು ಅಡಿ ಏರಿದೆ, ಪೈಪಿನ ಬಾಯಿ ಎಲ್ಲಿದೆ, ತೋಡು ಎಷ್ಟು ದೂರ ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಪ್ಪಿಗೆಯಾದ ನಕ್ಷೆಯ ನಕಲು ಕೊಡಿ ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. 10 ರೂಪಾಯಿ, 150 ಪದದೊಳಗೆ ಒಂದೇ ವಿಷಯ. 30 ದಿನದಲ್ಲಿ ಉತ್ತರ ಬರಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಮಳೆ ಶುರುವಾಗುವ ಮೊದಲೇ ಗ್ರಾಮಸಭೆಗೆ ಹೋಗೋಣ.