ಚಿಕ್ಕ ಅಂಗಡಿಯ ಏಳಿಗೆ

 

ಮಠದ ಮಹೋತ್ಸವದ ಈ ಮಂಗಳ ಸಂದರ್ಭದಲ್ಲಿ ವ್ಯಾಪಾರದ ಮಾತೇಕೆಂದು ಯಾರಾದರೂ ಕೇಳಬಹುದು. ಈ ಸಭೆಯನ್ನೊಮ್ಮೆ ಕಣ್ಣೆತ್ತಿ ನೋಡಿದರೆ ಉತ್ತರವು ತಾನಾಗಿಯೇ ದೊರೆಯುವುದು. ಇಲ್ಲಿ ದಿನಸಿ ಅಂಗಡಿಯವರಿದ್ದಾರೆ, ಬಟ್ಟೆ ಹೊಲಿಯುವವರಿದ್ದಾರೆ, ಎಳನೀರು ಮಾರುವವರಿದ್ದಾರೆ, ಗುಡಿಯ ಎದುರಿನಲ್ಲಿ ಕಲ್ಲಿನ ಕಿರುವಿಗ್ರಹಗಳನ್ನು ಹರವಿಕೊಂಡು ಕುಳಿತುಕೊಳ್ಳುವವರಿದ್ದಾರೆ. ಕಾಯಕದ ಹಿರಿಮೆಯನ್ನು ಕುರಿತು ನಾವು ಆಡುವ ಮಾತು ಬಹಳ. ಅಂಗಡಿಯೆಂಬ ಕಾಯಕವನ್ನು ದಿನದಿನವೂ ಹೇಗೆ ನಡೆಸಬೇಕೆಂಬುದನ್ನು ಕುರಿತು ಆಡುವ ಮಾತು ಅತ್ಯಲ್ಪ. ಆ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ನೀಗಿಸಬೇಕೆಂಬ ಇಚ್ಛೆಯಿಂದ ತಮ್ಮ ಮುಂದೆ ನಿಂತಿರುವೆನು. ಸಾವಿರಾರು ಕೋಟಿಯ ಉದ್ಯಮಗಳ ವಿಚಾರ ನನಗೆ ಬೇಡ. ಒಂದು ಕೊಟ್ಟಡಿ, ಒಂದು ತಕ್ಕಡಿ, ಒಂದು ಕುಟುಂಬ, ಇಷ್ಟೇ ನನ್ನ ವಿಷಯ.

ಹಳೇಬೀಡಿನ ಅಂಗಡಿಯವನ ಪರಿಸ್ಥಿತಿಯಲ್ಲಿ ಒಂದು ವಿಶೇಷವುಂಟು. ಅವನ ಮುಂದೆ ಎರಡು ಬಗೆಯ ಗಿರಾಕಿಗಳು ಬಂದು ನಿಲ್ಲುವರು. ಒಬ್ಬನು ದೂರದ ಯಾತ್ರಿಕ. ಬೇಲೂರನ್ನು ನೋಡಿಕೊಂಡು ಹದಿನಾರು ಕಿಲೋಮೀಟರಿನ ದಾರಿ ಸವೆಸಿ ಬಂದು, ಹೊಯ್ಸಳೇಶ್ವರನ ಗುಡಿಯನ್ನು ಸುತ್ತಿ, ಒಂದೆರಡು ಗಂಟೆಯೊಳಗಾಗಿ ಹೊರಟುಹೋಗುವನು. ಅವನು ಹಣವನ್ನು ಕೂಡಲೇ ಕೊಡುವನು. ಆದರೆ ಮತ್ತೆ ಬರುವನೆಂಬ ಭರವಸೆಯಿಲ್ಲ. ಇನ್ನೊಬ್ಬನು ಸುತ್ತಣ ಹಳ್ಳಿಯ ರೈತ. ಅವನು ವರ್ಷವೆಲ್ಲ ಬರುವನು. ಅವನ ತಂದೆಯೂ ಇದೇ ಅಂಗಡಿಗೆ ಬರುತ್ತಿದ್ದನು. ಆದರೆ ಅವನು ಹಣ ಕೊಡುವುದು ರಾಗಿಯೋ ಆಲೂಗಡ್ಡೆಯೋ ಮಾರಾಟವಾದ ಮೇಲೆ, ಇಲ್ಲವೆ ಅರಸೀಕೆರೆಯ ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜಾದ ಮೇಲೆ. ಮೊದಲನೆಯವನಿಂದ ಹೆಚ್ಚು ಕಿತ್ತುಕೊಳ್ಳಬೇಕೆಂಬ ಆಸೆ, ಎರಡನೆಯವನಿಗೆ ಇಲ್ಲವೆನ್ನಲಾರದ ದಾಕ್ಷಿಣ್ಯ, ಈ ಎರಡರ ನಡುವೆ ಸಿಕ್ಕಿದ ಅಂಗಡಿಯು ಮೂವತ್ತು ವರ್ಷ ಬಾಗಿಲು ತೆರೆದಿದ್ದರೂ ಬೆಳೆಯಲಾರದು.

ಮೊದಲು ಯಾತ್ರಿಕನ ವಿಚಾರವನ್ನೇ ತೆಗೆದುಕೊಳ್ಳುವೆನು. “ಇವನು ಇನ್ನೊಮ್ಮೆ ಬರುವವನೇ ಅಲ್ಲ, ಇವನಿಗೆ ಎಷ್ಟು ಹೇಳಿದರೇನು?” ಎಂಬ ಆಲೋಚನೆಯು ಹಳೆಯದು. ಸ್ಥಳೀಯನಿಗೆ ಒಂದು ಬೆಲೆ, ಪರಸ್ಥಳದವನಿಗೆ ಒಂದು ಬೆಲೆ, ಬಿಳಿಯ ಮೈಬಣ್ಣದವನಿಗೆ ಮೂರನೆಯ ಬೆಲೆ! ಇದು ಅಧರ್ಮವೆಂಬುದು ತಮಗೆ ತಿಳಿಯದ ಸಂಗತಿಯಲ್ಲ. ಇದು ಅವಿವೇಕವೂ ಹೌದೆಂಬುದನ್ನೇ ನಾನು ಇಂದು ಹೇಳಬೇಕಾಗಿರುವುದು. ಯಾತ್ರಿಕನು ಮರಳಿ ಬಾರದಿರಬಹುದು. ಅವನ ಮಾತು ಬಾರದೆ ಇರುವುದಿಲ್ಲ. ಹಿಂದೆ ಆ ಮಾತು ಅವನ ಊರಿನ ನಾಲ್ಕು ಮನೆಗಳಿಗೆ ಮುಟ್ಟುತ್ತಿದ್ದಿತು. ಈಗ ಅವನು ಬಸ್ಸಿನಲ್ಲಿ ಕುಳಿತುಕೊಂಡೇ ಕೈಯಲ್ಲಿರುವ ಮೊಬೈಲಿನಲ್ಲಿ ನಿಮ್ಮ ಅಂಗಡಿಯ ಹೆಸರು, ಚಿತ್ರ, ನೀವು ಹೇಳಿದ ಬೆಲೆ ಎಲ್ಲವನ್ನೂ ಬರೆದುಬಿಡುವನು. ನಾಳೆ ಬರತಕ್ಕವನು ಅದನ್ನು ಓದಿಕೊಂಡೇ ಬರುವನು. ಹೀಗಿರುವಲ್ಲಿ ಒಮ್ಮೆ ಬಂದು ಹೋಗುವ ಗಿರಾಕಿಯೆಂಬವನೇ ಈ ಕಾಲದಲ್ಲಿ ಇಲ್ಲವೆಂದು ತಿಳಿಯತಕ್ಕದ್ದು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಆ ಕೀರ್ತಿಯನ್ನು ಸಂಪಾದಿಸಿದವರು ಶತಮಾನಗಳ ಹಿಂದಿನ ಶಿಲ್ಪಿಗಳು. ಅದನ್ನು ಒಂದು ಎಳನೀರಿನ ಬೆಲೆಯಲ್ಲಿ ಕಳೆಯಬಲ್ಲವರು ನಾವು. ಬೆಲೆಯನ್ನು ಹಲಗೆಯ ಮೇಲೆ ಬರೆದು, ಎಲ್ಲರಿಗೂ ಕಾಣುವಂತೆ ತೂಗುಹಾಕಿರಿ. ಚೌಕಾಸಿಯಲ್ಲಿ ಕಳೆಯುವ ಹೊತ್ತು ಉಳಿಯುವುದು, ಸುಳ್ಳಾಡುವ ಶ್ರಮವೂ ತಪ್ಪುವುದು.

ಆ ಶಿಲ್ಪಿಗಳ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಿ ಮುಂದುವರಿಯುವೆನು. ಬೇಲೂರಿನ ಗುಡಿಯಲ್ಲಿ ಮದನಿಕೆಯರ ವಿಗ್ರಹಗಳನ್ನು ನೋಡದವರು ಇಲ್ಲಿ ಯಾರೂ ಇರಲಾರರು. ಅವುಗಳನ್ನು ಕಡೆದವರಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜನೂ ಅವನ ಮಗ ಚಾವಣನೂ ತಮ್ಮ ಕೆಲಸದ ಅಡಿಯಲ್ಲಿ ತಮ್ಮ ಹೆಸರನ್ನು ಕೆತ್ತಿರುವರು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರನ್ನು ಕಾಣಬಹುದು. ಹೆಸರು ಕೆತ್ತುವುದು ಬರಿಯ ಕೀರ್ತಿಗಾಗಿ ಎಂದು ಕೆಲವರು ಭಾವಿಸುವರು. ನನಗೆ ಹಾಗೆ ತೋರುವುದಿಲ್ಲ. ಈ ಕೆಲಸಕ್ಕೆ ಹೊಣೆ ನಾನು, ಇದರಲ್ಲಿ ದೋಷವಿದ್ದರೆ ನನ್ನನ್ನೇ ಕೇಳಿರಿ ಎಂಬ ಧೈರ್ಯ ಅದರಲ್ಲಿರುವುದು. ನಮ್ಮ ಬಳಪದ ಕಲ್ಲಿನ ಗುಣವೂ ಹಾಗೆಯೇ. ಗಣಿಯಿಂದ ತೆಗೆದಾಗ ಮೃದು, ಗಾಳಿಗೊಡ್ಡಿದ ಮೇಲೆ ಗಡಸು. ಉಳಿ ತಪ್ಪಿದರೆ ಆ ತಪ್ಪು ಶತಮಾನಗಳವರೆಗೆ ನಿಲ್ಲುವುದು. ಇಂದು ಗುಡಿಯ ಎದುರಿನಲ್ಲಿ ವಿಗ್ರಹ ಮಾರುವವನು, ಯಂತ್ರದಲ್ಲಿ ಅಚ್ಚೊತ್ತಿದ ಪುಡಿಕಲ್ಲಿನ ಬೊಂಬೆಯನ್ನು ಕೈಕೆತ್ತನೆಯೆಂದು ಹೇಳದಿರಲಿ. ಅಚ್ಚಿನದನ್ನು ಅಚ್ಚಿನದೆಂದೇ ಹೇಳಿ ಕಡಿಮೆ ಬೆಲೆಗೆ ಮಾರಲಿ. ಕೆತ್ತಿದ್ದನ್ನು ಕೆತ್ತಿದವನ ಹೆಸರಿನ ಚೀಟಿಯೊಡನೆ ಹೆಚ್ಚಿನ ಬೆಲೆಗೆ ಮಾರಲಿ. ಎರಡಕ್ಕೂ ಕೊಳ್ಳುವವರಿದ್ದಾರೆ.

ಇನ್ನು ರೈತನ ಉದ್ದರಿ. ಇದು ಕಠಿನವಾದ ವಿಷಯ; ಏಕೆಂದರೆ ಇಲ್ಲಿ ಅಂಗಡಿಯವನು ಕೆಡುವುದು ದುರಾಶೆಯಿಂದಲ್ಲ, ಒಳ್ಳೆಯತನದಿಂದ. ಕಷ್ಟದಲ್ಲಿರುವ ನೆರೆಯವನಿಗೆ ಎರಡು ಸೇರು ಬೇಳೆ ಇಲ್ಲವೆನ್ನಲು ಯಾರಿಗೆ ಮನಸ್ಸು ಬಂದೀತು? ಆದರೆ ಲೆಕ್ಕವನ್ನು ಮಾತ್ರ ನೋಡತಕ್ಕದ್ದು. ನೂರು ರೂಪಾಯಿಯ ಸಾಮಾನಿನಲ್ಲಿ ತೊಂಬತ್ತು ಅಸಲು, ಹತ್ತು ಲಾಭವೆಂದಿಟ್ಟುಕೊಳ್ಳೋಣ. ಒಬ್ಬನು ನೂರು ರೂಪಾಯಿಯನ್ನು ಕೊಡದೆ ಹೋದರೆ ಅಂಗಡಿಯವನಿಗೆ ಹೋದುದು ಹತ್ತಲ್ಲ, ಅಸಲಿನ ತೊಂಬತ್ತು. ಅದನ್ನು ತುಂಬಿಕೊಳ್ಳಲು ಇನ್ನು ಒಂಬತ್ತು ಮಂದಿಗೆ ನೂರು ನೂರರ ಸಾಮಾನನ್ನು ರೊಕ್ಕಕ್ಕೆ ಮಾರಬೇಕು. ಆ ಒಂಬತ್ತು ಮಂದಿಯ ದುಡಿಮೆಯಿಂದ ಮನೆಗೆ ಒಂದು ಕಾಸೂ ಬಾರದು. ಆದುದರಿಂದ ಉದ್ದರಿಯನ್ನು ನಿಲ್ಲಿಸಿರೆಂದು ನಾನು ಹೇಳೆನು. ನಿಲ್ಲಿಸಿದರೆ ಈ ಸೀಮೆಯಲ್ಲಿ ಅಂಗಡಿಯೇ ನಿಲ್ಲುವುದು. ಮೂರು ಕಟ್ಟುಪಾಡುಗಳಿರಲಿ. ಪ್ರತಿ ಮನೆಗೂ ಇಷ್ಟೆಂಬ ಮಿತಿಯನ್ನು ಮೊದಲೇ, ಮುಖ ಪ್ರಸನ್ನವಾಗಿರುವಾಗಲೇ, ಹೇಳಿಬಿಡುವುದು. ಕೊಂಡವನ ಎದುರಿನಲ್ಲಿಯೇ ಬರೆದು ಅವನಿಗೂ ಒಂದು ಚಿಕ್ಕ ಪುಸ್ತಕವನ್ನು ಕೊಡುವುದು. ಕೊಬ್ಬರಿ ಮಾರಿದ ವಾರವೇ, ಹಣವು ಬೇರೆ ದಾರಿ ಹಿಡಿಯುವ ಮೊದಲು, ಹೋಗಿ ವಿನಯದಿಂದ ಕೇಳುವುದು. ಕೇಳುವುದರಲ್ಲಿ ಅವಮಾನವಿಲ್ಲ. ಕೇಳದೆ ಎರಡು ವರ್ಷ ಕಳೆದು, ಅನಂತರ ಜಗಳವಾಡಿ, ಗಿರಾಕಿಯನ್ನೂ ಹಣವನ್ನೂ ಒಟ್ಟಿಗೆ ಕಳೆದುಕೊಳ್ಳುವುದರಲ್ಲಿದೆ.

ಒಂದು ವೇಳೆ ತೀರಾ ಬಡವನಿಗೆ ಕೊಡಲೇಬೇಕೆಂದು ಮನಸ್ಸಾದರೆ, ಅದನ್ನು ದಾನವೆಂದೇ ಬರೆದು ಕೊಟ್ಟುಬಿಡಿರಿ. ದಾನವನ್ನು ಸಾಲದ ಪುಟದಲ್ಲಿ ಬರೆಯುವುದು ಇಬ್ಬರಿಗೂ ಕೇಡು.

ಲೆಕ್ಕದ ಮಾತಿಗೆ ಬಂದೆವು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆಯನ್ನು ತಾವು ಬಾಲ್ಯದಿಂದಲೂ ಕೇಳಿರುವಿರಿ. ಮಾರಯ್ಯನು ದಿನದ ಪ್ರಮಾಣಕ್ಕಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳು. ಇದನ್ನು ನಿರಾಶೆಯ ಕಥೆಯೆಂದು ಹೇಳುವುದು ವಾಡಿಕೆ. ನಾನು ಇದರಲ್ಲಿ ಇನ್ನೊಂದನ್ನು ಕಾಣುವೆನು. ಅಕ್ಕಿ ಹೆಚ್ಚಾಗಿದೆಯೆಂದು ಆ ತಾಯಿಗೆ ನೋಡಿದ ಕೂಡಲೇ ತಿಳಿದುದು ಹೇಗೆ? ದಿನದ ಅಳತೆ ಎಷ್ಟೆಂಬುದು ಅವಳಿಗೆ ನಿಶ್ಚಯವಾಗಿ ಗೊತ್ತಿದ್ದುದರಿಂದ! ಅಳತೆಯನ್ನರಿಯದವನಿಗೆ ಹೆಚ್ಚೂ ಕಾಣದು, ಕಡಿಮೆಯೂ ಕಾಣದು. ನಮ್ಮ ಅಂಗಡಿಗಳಲ್ಲಿ ರಾತ್ರಿ ಬಾಗಿಲು ಹಾಕುವಾಗ ಇಂದಿನ ನಿಜವಾದ ಲಾಭವೆಷ್ಟೆಂದು ಕೇಳಿದರೆ, ಗಲ್ಲಾಪೆಟ್ಟಿಗೆಯನ್ನು ತೆರೆದು ತೋರಿಸುವವರೇ ಹೆಚ್ಚು. ಪೆಟ್ಟಿಗೆಯಲ್ಲಿರುವುದು ಹಣ, ಅದರಲ್ಲಿ ಸಗಟು ವ್ಯಾಪಾರಿಗೆ ಸೇರತಕ್ಕದ್ದು, ಬಾಡಿಗೆಗೆ ಸೇರತಕ್ಕದ್ದು, ವಿದ್ಯುತ್ತಿಗೆ ಸೇರತಕ್ಕದ್ದು ಎಲ್ಲವೂ ಬೆರೆತಿರುವುದು. ಮನೆಯ ಖರ್ಚಿಗೆ ಅದರಿಂದಲೇ ಕೈಹಾಕಿ ತೆಗೆಯುವ ಅಭ್ಯಾಸವೊಂದನ್ನು ಬಿಟ್ಟರೂ ಅರ್ಧ ಗೆದ್ದಂತೆ. ಅಂಗಡಿಯ ಯಜಮಾನನು ತನಗೂ ತಿಂಗಳಿಗೆ ಇಂತಿಷ್ಟು ಸಂಬಳವೆಂದು ಗೊತ್ತುಮಾಡಿಕೊಳ್ಳಲಿ. ಮನೆಗೆ ಒಯ್ದ ಸಕ್ಕರೆಯನ್ನೂ ಕಿರ್ದಿಯಲ್ಲಿ ಬರೆಯಲಿ. ಈಚೆಗೆ ಯು.ಪಿ.ಐ. ಬಂದಮೇಲೆ ಹಣವು ನೇರವಾಗಿ ಬ್ಯಾಂಕಿಗೆ ಹೋಗುತ್ತಿರುವುದರಿಂದ, ಲೆಕ್ಕ ತಾನಾಗಿಯೇ ಆಗುವುದೆಂದು ಹುಡುಗರು ಹೇಳುವರು. ಬಂದ ಲೆಕ್ಕ ಆಗುವುದು ನಿಜ. ಹೋದ ಲೆಕ್ಕ ಆಗದು. ಈ ಕೆಲಸವನ್ನು ಮನೆಯ ತಾಯಂದಿರಿಗೆ ಒಪ್ಪಿಸಿದರೆ ಲಕ್ಕಮ್ಮನ ಪರಂಪರೆ ಉಳಿದೀತೆಂದು ನನ್ನ ಅಭಿಪ್ರಾಯ.

ಉಳಿತಾಯವನ್ನು ಕುರಿತು ಉಡುಪಿಯ ಒಂದು ದೃಷ್ಟಾಂತವುಂಟು. ಅಲ್ಲಿ 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಎಂಬ ಮೂವರು ಸೇರಿ, ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗಲೆಂದು ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಒಂದು ಬ್ಯಾಂಕನ್ನು ತೆರೆದರು. 1928ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ಬ್ಯಾಂಕಿನ ಮನುಷ್ಯನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ತೆಗೆದುಕೊಂಡು ಹೋಗುವನು. ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆಯು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಅದು ಕಂಡುಕೊಂಡ ಮನುಷ್ಯಸ್ವಭಾವವು ಮಾತ್ರ ಬದಲಾಗಿಲ್ಲ: ತಿಂಗಳ ಕೊನೆಯಲ್ಲಿ ಉಳಿದುದನ್ನು ಕೂಡಿಡುವೆನೆನ್ನುವವನಿಗೆ ಏನೂ ಉಳಿಯದು, ದಿನವೂ ಮೊದಲು ತೆಗೆದಿಡುವವನಿಗೆ ಉಳಿಯುವುದು. ಬಡ್ಡಿಯ ಸಾಹುಕಾರನ ಕೈಗೆ ಸಿಕ್ಕದಿರಲು ಊರವರೇ ಕೂಡಿ ಕಟ್ಟಿಕೊಂಡ ದಾರಿಯೂ ನಮ್ಮ ನಾಡಿನಲ್ಲಿದೆ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಮುಂದಾಗಿ ಸ್ಥಾಪಿಸಿದ ಸಹಕಾರ ಸಂಘವು ಈ ದೇಶದ ಸಹಕಾರ ಚಳವಳಿಯ ಮೊದಮೊದಲ ಸಂಘಗಳಲ್ಲಿ ಒಂದು.

ಈ ಉಳಿತಾಯ ಏತಕ್ಕೆ ಬೇಕೆಂಬುದನ್ನು 2020ನೆಯ ಇಸವಿ ನಮಗೆ ಕಲಿಸಿತು. ಆ ಮಾರ್ಚಿಯಲ್ಲಿ ಕೋವಿಡ್ ಸೋಂಕಿನ ಕಾರಣದಿಂದ ಸಂರಕ್ಷಿತ ಸ್ಮಾರಕಗಳ ಬಾಗಿಲು ಮುಚ್ಚಿತು, ತಿಂಗಳುಗಟ್ಟಲೆ ತೆರೆಯಲಿಲ್ಲ. ಯಾತ್ರಿಕನನ್ನೇ ನಂಬಿದ್ದ ಅಂಗಡಿಗೆ ಗಿರಾಕಿಯೇ ಇಲ್ಲವಾದನು. ಹಳ್ಳಿಯವರಿಗೂ ಬೇಕಾದ ಪದಾರ್ಥವನ್ನಿಟ್ಟಿದ್ದವನಿಗೆ ಅಷ್ಟಿಷ್ಟು ವ್ಯಾಪಾರ ನಡೆಯಿತು. ರೈತನು ಬೇರು, ಯಾತ್ರಿಕನು ಹೂವು ಎಂದು ನಾನು ಹೇಳುವುದು ಇದರಿಂದಲೇ. ಇರುವುದರಲ್ಲಿಯೇ ಹೊಸ ದಾರಿ ಹುಡುಕುವ ಬುದ್ಧಿಯೂ ಬೇಕು. 1924ರಲ್ಲಿ ಉಡುಪಿಯ ಕಡೆಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲು ಮುಂದೆ ಎಂ. ಟಿ. ಆರ್. ಎಂದು ಪ್ರಸಿದ್ಧವಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವವುಂಟಾದಾಗ ರವೆಯಿಂದ ಇಡ್ಲಿ ಮಾಡಿ ನೋಡಿದರೆಂದು ಆ ಹೋಟೆಲಿನವರು ಹೇಳುವರು. ಅಕ್ಕಿಯಿಲ್ಲವೆಂದು ಒಲೆ ಆರಿಸಿ ಕುಳಿತಿದ್ದರೆ ರವೆ ಇಡ್ಲಿ ಎಲ್ಲಿಯದು?

ಕಡೆಯದಾಗಿ, ಎರಡನೆಯ ಅಂಗಡಿಯನ್ನು ಯಾವಾಗ ತೆರೆಯಬೇಕೆಂದು ತರುಣರು ಕೇಳುವುದುಂಟು. ಕೈಯಲ್ಲಿ ಹಣ ಸೇರಿದಾಗ ಎಂದು ನಾನು ಉತ್ತರ ಕೊಡುವುದಿಲ್ಲ. ನೀವು ಒಂದು ತಿಂಗಳು ಅಂಗಡಿಯ ಕಡೆಗೆ ತಲೆಹಾಕದೆ ಇದ್ದು, ಹಿಂದಿರುಗಿ ಬಂದಾಗ ತೂಕ, ಬೆಲೆ, ಕಿರ್ದಿ, ಮಾತಿನ ಮರ್ಯಾದೆ ಎಲ್ಲವೂ ನೀವಿದ್ದಾಗಿನಂತೆಯೇ ಇದ್ದರೆ, ಆಗ ತೆರೆಯಬಹುದು. ಅಂಥ ಒಬ್ಬ ಹುಡುಗನನ್ನು ಸಿದ್ಧಪಡಿಸಲು ಐದಾರು ವರ್ಷಗಳಾದರೂ ಬೇಕಾದಾವು. ಅವನಿಗೆ ಸಂಬಳದ ಜೊತೆಗೆ ಲಾಭದಲ್ಲಿಯೂ ಸ್ವಲ್ಪ ಪಾಲನ್ನು ಕೊಡಿರಿ, ಲೆಕ್ಕದ ಪುಸ್ತಕವನ್ನು ಅವನಿಂದ ಮುಚ್ಚಿಡಬೇಡಿರಿ. ದಾಸೋಜನು ಮಗನ ಕೈಗೆ ಉಳಿಯನ್ನು ಕೊಟ್ಟನು. ಚಾವಣನ ಕೆಲಸದ ಅಡಿಯಲ್ಲಿ ಚಾವಣನ ಹೆಸರೇ ಇದೆ.