ಇಣಚಿ ಮರಿಗೆ ಮೊದಲು ಹಾಲಲ್ಲ, ಕಾವು

(ಜುಮಾ ಖುತ್ಬಾದ ಸಾರಾಂಶ)



ಅಡ್ಡಮಳೆಯ ಗಾಳಿ ಬೀಸಿತೆಂದರೆ ಜಮಖಂಡಿ, ಮುಧೋಳ, ಬೀಳಗಿ ಕಡೆ ಬೇವು, ಹುಣಸೆ ಮರಗಳಿಂದ ಅಳಿಲಿನ ಗೂಡುಗಳು ಉದುರುತ್ತವೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಶೆಡ್ಡಿನ ತಗಡಿನ ಸಂದಿಯಲ್ಲೂ ಇವು ನೂಲಿನ ಚೂರು ಸೇರಿಸಿ ಗೂಡು ಕಟ್ಟುತ್ತವೆ. ಕಣ್ಣು ತೆರೆಯದ ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಮಕ್ಕಳು ಮಸೀದಿಗೇ ಬರುತ್ತಾರೆ. "ಹಜರತ್, ಈ ಇಣಚಿಗೆ ತಾಯಿ ಇಲ್ಲ, ಹಾಲು ಕುಡಿಸೋಣವೇ?" ಎಂದು ಕೇಳುತ್ತಾರೆ.

ಅರಬಿಯಲ್ಲಿ ಮನುಷ್ಯರ ಪೈಕಿ ತಂದೆ ಇಲ್ಲದ ಮಗು ಯತೀಮ್. ಪ್ರಾಣಿಗಳಲ್ಲಾದರೆ ತಾಯಿ ಇಲ್ಲದ ಮರಿ. ಅಳಿಲಿಗೆ ಈ ಮಾತು ಸರಿಯಾಗಿ ಒಪ್ಪುತ್ತದೆ, ಮರಿ ಸಾಕುವುದು ತಾಯಿ ಮಾತ್ರ. ಆದರೆ ಕೆಳಗೆ ಬಿದ್ದ ಮರಿಯೆಲ್ಲ ಯತೀಮ್ ಅಲ್ಲ. ಪ್ರಯಾಣವೊಂದರಲ್ಲಿ ಕೆಲವು ಸಹಾಬಿಗಳು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು, ತಾಯಿ ಹಕ್ಕಿ ಚಡಪಡಿಸತೊಡಗಿತು. ಪ್ರವಾದಿವರ್ಯರು(ಸ) ಮರಿಗಳನ್ನು ಅದಕ್ಕೇ ಹಿಂದಿರುಗಿಸಲು ಹೇಳಿದರೆಂದು ಅಬೂದಾವೂದ್‌ನಲ್ಲಿದೆ. ಸಾಕುವ ಮಾತು ಆಮೇಲೆ. ಮೈ ಬೆಚ್ಚಗಿದ್ದು ಗಾಯವಿಲ್ಲದ ಮರಿಯನ್ನು ಬುಟ್ಟಿಯಲ್ಲಿಟ್ಟು ಅದೇ ಮರಕ್ಕೆ ಕಟ್ಟಿ, ಎರಡು ಮೂರು ತಾಸು ದೂರದಿಂದ ಕಾಯೋಣ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆಂಬುದು ತಪ್ಪು ತಿಳಿವಳಿಕೆ. ಅದು ಬಂದು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಕತ್ತಲಾದರೆ ಬಾರದು, ಅಳಿಲು ರಾತ್ರಿ ಓಡಾಡುವ ಜೀವವಲ್ಲ.

ತಾಯಿ ಸತ್ತಿದ್ದರೆ, ಮರಿ ತಣ್ಣಗಾಗಿ ಮುದುಡಿದ್ದರೆ? ತಿಳಿಯದೆ ತೋರಿದ ಕರುಣೆ ಕೊಲ್ಲುವುದು ಇಲ್ಲಿಯೇ. ಆಕಳ ಹಾಲಿನಿಂದ ಅದಕ್ಕೆ ಭೇದಿ ಹತ್ತುತ್ತದೆ. ತಣ್ಣಗಿರುವ ಮೈಗೆ ಏನು ಕುಡಿಸಿದರೂ ಅರಗದು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೊದಲು ಕಾವು ಕೊಡಬೇಕು. ನಂತರ ಸೂಜಿ ತೆಗೆದ ಸಿರಿಂಜಿನಿಂದ ಓಆರ್‌ಎಸ್ ನೀರು, ಹನಿ ಹನಿಯಾಗಿ. ಅಂಗಾತ ಮಲಗಿಸಿ ಕುಡಿಸಿದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಕಣ್ಣು ತೆರೆಯದ ಮರಿ ತಾನಾಗಿ ಮೂತ್ರ ಮಾಡದು. ತಾಯಿ ನೆಕ್ಕಿ ಮಾಡಿಸುವ ಆ ಕೆಲಸವನ್ನು ಒದ್ದೆ ಅರಳೆಯಿಂದ ಮೆಲ್ಲಗೆ ಒರೆಸಿ ನಾವು ಮಾಡಬೇಕು. ಬೆಕ್ಕು ಕಚ್ಚಿದ್ದರೆ, ಗಾಯ ಸೂಜಿಮೊನೆಯಷ್ಟೇ ಇದ್ದರೂ, ಕಾಯದೆ ಪಶು ಆಸ್ಪತ್ರೆಗೆ ಒಯ್ಯಬೇಕು. ಹಾಲಿನ ಬದಲು ನಾಯಿಮರಿಗೆಂದು ಮಾಡಿದ ಹಾಲಿನ ಪುಡಿ ಕೊಡುವುದುಂಟು. ಅಳತೆಯನ್ನು ವೈದ್ಯರನ್ನೇ ಕೇಳಿ. (ಮುಧೋಳ ನಾಯಿಯ ನಾಡಿನಲ್ಲಿ ಈ ಮಾತಿಗೆ ಯಾರೂ ನಗಬೇಕಾಗಿಲ್ಲ.)

ಬೆಕ್ಕನ್ನು ಕಟ್ಟಿಹಾಕಿ ಶಿಕ್ಷೆಗೊಳಗಾದ ಸ್ತ್ರೀಯ ಹದೀಸ್ ನಿಮಗೆ ಗೊತ್ತಿದೆ. ಆಕೆ ಅದಕ್ಕೆ ಉಣಿಸಲೂ ಇಲ್ಲ, ಹುಡುಕಿ ತಿನ್ನಲು ಬಿಡಲೂ ಇಲ್ಲ. ಮರಿ ಚೇತರಿಸಿದ ಮೇಲೆ ಪಂಜರ ಕೊಳ್ಳುವ ಮನೆಗಳಿವೆ. ಅಳಿಲು ಕಾಡುಜೀವಿ, ಅರಣ್ಯ ಇಲಾಖೆಯವರಿಗೆ ಮೊದಲೇ ತಿಳಿಸಿ, ಕಾಳು ಒಡೆದು ತಿನ್ನುವಷ್ಟಾದಾಗ ಮರಕ್ಕೆ ಬಿಡುವುದೇ ಸರಿ.

ಇಷ್ಟೆಲ್ಲ ಮಾಡಿದರೂ ಹಲವು ಮರಿಗಳು ಉಳಿಯುವುದಿಲ್ಲ. ಆಗ ಅಳುವ ಮಗುವನ್ನು, ಒಂದು ಇಣಚಿಗೆ ಇಷ್ಟು ಅಳುವುದೇ ಎಂದು ಗದರಬೇಡಿ. ಅಬೂ ಉಮೈರ್ ಎಂಬ ಬಾಲಕನ ಪುಟ್ಟ ಹಕ್ಕಿ ಸತ್ತಾಗ ಪ್ರವಾದಿವರ್ಯರು(ಸ) ಅವನನ್ನು ಹೆಸರು ಹಿಡಿದು ಕರೆದು, ಆ ಹಕ್ಕಿಯ ಸುದ್ದಿಯನ್ನೇ ವಿಚಾರಿಸಿದ್ದರು.